ಕುಂಕುಮ ಹಚ್ಚಿದ ಫ್ಲಾಪಿ

ಖಂಡೇನವಮಿಯ ದಿನ ಕಂಪ್ಯೂಟರಿಗೆ ಆಯುಧಪೂಜೆ ಮಾಡಿದ್ದು ನಾನೇ. ೧೯೯೭ರ ಮಾತು. ಸೊಲ್ಲಾಪುರದ ನಮ್ಮ ರಕ್ತದಾನಿಗಳ ಮಂಡಳಿಗೆ ಹೊಸ ಯಂತ್ರ ಬಂದು ಒಂದೇ ದಿನವಾಗಿತ್ತು. ಹಳೆಯದನ್ನು ಅಂಗಡಿಯವರು ಬದಲಿಗೆ ಒಯ್ದು, ಒಳಗಿದ್ದುದನ್ನೆಲ್ಲ ಅಳಿಸಿಯೂ ಬಿಟ್ಟಿದ್ದರು. ಎಂಟುನೂರು ದಾನಿಗಳ ಹೆಸರು, ವಿಳಾಸ, ರಕ್ತದ ಗುಂಪು ಉಳಿದದ್ದು ಒಂದೇ ಒಂದು ಫ್ಲಾಪಿಯಲ್ಲಿ. ಪೂಜೆಯಾಗುವ ತನಕ ಹೊಸ ಯಂತ್ರಕ್ಕೆ ಅದನ್ನು ತುಂಬಬಾರದೆಂದು ಹಟ ಹಿಡಿದವಳೂ ನಾನೇ.

ಫ್ಲಾಪಿಯ ತಗಡಿನ ಬಾಗಿಲು ಸರಿಸಿದರೆ ಒಳಗೆ ಕಂದು ಬಣ್ಣದ ತಟ್ಟೆ ಕಾಣುತ್ತದೆ. ಜೀವ ಇರುವುದು ಅಲ್ಲಿ, ಮೇಲೆ ಹಚ್ಚಿ ಏನು ಉಪಯೋಗ ಎಂದುಕೊಂಡು, ಯಾರೂ ನೋಡದಾಗ ಆ ತಟ್ಟೆಗೇ ಅರಿಷಿಣ ಕುಂಕುಮ ಹಚ್ಚಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹನ್ನೊಂದಕ್ಕೆ ಅಕ್ಕಲಕೋಟದ ಹೆರಿಗೆ ದವಾಖಾನೆಯಿಂದ ಫೋನು ಬಂತು. ಕರಜಗಿಯ ಕಾಂಚನ ಎಂಬ ಹುಡುಗಿ, ಚೊಚ್ಚಲ ಹೆರಿಗೆ, ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್ ಬೇಕು. ಬ್ಲಡ್ ಬ್ಯಾಂಕಿನಲ್ಲಿ ಆ ಗುಂಪಿನ ಒಂದು ಬಾಟಲಿಯೂ ಇಲ್ಲ.

"ಲಗೂನ ದಾನಿಗಳ ಯಾದಿ ತಗೀರಿ ಮಂದಾಕಿನಿಬಾಯಿ," ಎಂದು ನನಗೆ ಹೇಳಿದರು ಕಾರ್ಯದರ್ಶಿ ಪಂಢರಿನಾಥರಾವ.

ಯಂತ್ರ ಕೂಡಿಸಲು ಬಂದಿದ್ದ ಆಶಿಷ ಫ್ಲಾಪಿ ಹಾಕಿದ. ಒಳಗೆ ಕರಕರ ಸದ್ದಾಯಿತು, ಪರದೆಯ ಮೇಲೆ ಏನೂ ಬರಲಿಲ್ಲ. ಬೇರೊಂದು ಫ್ಲಾಪಿ ಹಾಕಿದ. ಅದೂ ಓಡಲಿಲ್ಲ.

"ಡ್ರೈವ್ ಖರಾಬ್ ಅದರಿ," ಎಂದು ತಿರುಪು ಬಿಚ್ಚತೊಡಗಿದ.

ಖರಾಬಾದದ್ದು ಯಾವುದೆಂದು ನನಗೆ ಗೊತ್ತಿತ್ತು. ಆದರೆ ಊರಿಗೆಲ್ಲ ಬುದ್ಧಿ ಹೇಳುವ ನನಗೆ ನಾಲಿಗೆಯೇ ಹೊರಳಲಿಲ್ಲ. ಒಂದೊಂದೇ ತಿರುಪು ಮೇಜಿನ ಮೇಲೆ ಬೀಳುತ್ತಿತ್ತು. ಹನ್ನೊಂದೂಕಾಲಿಗೆ ಮತ್ತೆ ಫೋನು: "ದಾನಿ ಹೊಂಟಾರೇನ್ರಿ?"

"ನೋಡಾಕತ್ತೀವ್ರಿ," ಎಂದೆ.

ಹನ್ನೊಂದೂವರೆಗೆ ಆಶಿಷ ಎದ್ದು ನಿಂತ. "ಅಂಗಡಿಗಿ ಹೋಗಿ ಬ್ಯಾರೆ ಡ್ರೈವ್ ತರ್ತೀನ್ರಿ. ಒಂದ್ ತಾಸು ಆಗ್ತದ."

ಆಗ ಬಾಯಿ ಬಿಟ್ಟೆ, ಅದೂ ಈಗಷ್ಟೇ ಹೊಳೆದವಳಂತೆ: "ಪೂಜಾದ ಕುಂಕುಮ ಏನರ ಒಳಗ ಹೋಗ್ಯದೇನೋ, ನೋಡಪಾ."

ಆಶಿಷ ತಗಡು ಸರಿಸಿದ. ತಟ್ಟೆಯೆಲ್ಲ ಕೆಂಪು, ಡ್ರೈವಿನೊಳಗೂ ಅದೇ ಪುಡಿ.

"ಕಾಗದದ ಮ್ಯಾಲ ಛಾಪಿಸಿದ್ದು ಇತ್ತಲ್ಲ?" ಎಂದರು ಪಂಢರಿನಾಥರಾವ.

ಜವಾನ ಕಾಶಪ್ಪ ತಲೆ ಕೆರೆದುಕೊಂಡ. "ಅದನ್ನ ಹರದು ಪ್ರಸಾದ ಕಟ್ಟೀನ್ರಿ ಸಾಹೇಬ್ರ. ಇನ್ನ ಎಲ್ಲಾ ಕಂಪ್ಯೂಟರದಾಗ ಅದ, ಆ ರದ್ದಿ ಯಾಕ ಅಂತ ಈ ಬಾಯಿಸಾಹೇಬ್ರ ಅಂದ್ರು."

ಹಂಚಿ ಉಳಿದ ಪೊಟ್ಟಣಗಳನ್ನೆಲ್ಲ ಬಿಚ್ಚಿದೆವು. ಪೇಢೆಗಳು ಮೇಜಿನ ಮೇಲೆ ಉರುಳಾಡಿದವು. ನನ್ನದರಲ್ಲಿ ಬಿ ಗುಂಪು, ಸಾಹೇಬರದರಲ್ಲಿ ಎ, ಆಶಿಷನದರಲ್ಲೂ ಎ. ಕೊನೆಗೆ ಕಾಶಪ್ಪ ಹೆಂಡತಿಗೆಂದು ಚೀಲದಲ್ಲಿಟ್ಟಿದ್ದ ಪೊಟ್ಟಣ ತೆಗೆದ. ಜಿಡ್ಡು ಹತ್ತಿದ ಆ ಹಾಳೆಯಲ್ಲಿ ಓ ನೆಗೆಟಿವ್‌ನ ಮೂರು ಹೆಸರಿದ್ದವು. ಮೊದಲನೆಯವರ ಫೋನು ಯಾರೂ ಎತ್ತಲಿಲ್ಲ. ಎರಡನೆಯವರು ಹಬ್ಬಕ್ಕೆ ಪುಣೆಗೆ ಹೋಗಿದ್ದರು. ಮೂರನೆಯ ಹೆಸರು ಸಾತಲಿಂಗಪ್ಪ, ಟೇಲರ, ನವಿ ಪೇಠ. ಫೋನಿಲ್ಲ.

ನಾನು ವಿಳಾಸ ಓದಿ ಮುಗಿಸುವಷ್ಟರಲ್ಲಿ ಕಾಶಪ್ಪ ಸೈಕಲ್ ಹತ್ತಿದ್ದ. ಸಾತಲಿಂಗಪ್ಪ ಅಳತೆಯ ಪಟ್ಟಿ ಕೊರಳಲ್ಲಿದ್ದಂತೆಯೇ ಬಂದು, ಅಕ್ಕಲಕೋಟಕ್ಕೆ ಹೊರಟ ಮಂಡಳಿಯ ಜೀಪು ಹತ್ತಿದ.

ಮೂರು ಗಂಟೆಗೆ ಫೋನು ಬಂತು. ನಾನೇ ಎತ್ತಿದೆ.

"ಹುಡುಗಿ ಉಳದಾಳ್ರಿ," ಎಂದರು ಡಾಕ್ಟರು. "ಆದ್ರ ಗರ್ಭಚೀಲ ತೆಗೀಬೇಕಾತು. ಇನ್ನ ಆಕಿಗಿ ಬ್ಯಾರೆ ಮಕ್ಕಳಾಗೂದಿಲ್ಲ. ಅರ್ಧಾ ತಾಸು ಮೊದಲ ರಕ್ತ ಬಂದಿದ್ರ ಅದೂ ಉಳೀತಿತ್ತು."

ರಿಸೀವರ್ ಇಟ್ಟು, "ಉಳದಾಳಂತ," ಎಂದಷ್ಟೇ ಹೇಳಿದೆ.

ಪಂಢರಿನಾಥರಾವ ಕೈ ಮುಗಿದರು. "ಕುಂಕುಮದ ಮಾತು ಮಂದಾಕಿನಿಬಾಯಿಗಿ ವ್ಯಾಳ್ಯಾಕ್ಕ ನೆನಪಾತು. ಇಲ್ಲಂದ್ರ ಇನ್ನೂ ತಿರುಪು ಬಿಚ್ಚಕೋತ ಕೂಡ್ತಿದ್ದಿವಿ."

ಆ ಅರ್ಧ ತಾಸು ನನ್ನದೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಾಶಪ್ಪ ಮೇಜಿನ ಮೇಲಿನ ಪೇಢೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಿಂದೆ.