ಅಧ್ಯಕ್ಷೆಯ ನಿಲುವಂಗಿ

“ಬಾಯಿಗೆ ಸಾಲದೆ ಎದೆಗೂ ಚಹಾ ಕುಡಿಸ್ತಾರಲ್ಲ, ಎಂಥಾ ಜನ ಇವರು?”

ಅತಿಥಿಗೃಹದ ಒಗೆಯುವ ಕೋಣೆಯಲ್ಲಿ ಬಟ್ಟೆ ಒಗೆಯುವವಳನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಇರಲಿಲ್ಲ. ಮಹಿಳಾ ಸಂಘದ ಅಧ್ಯಕ್ಷೆಯ ರೇಷ್ಮೆ ನಿಲುವಂಗಿಯ ಕಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ ದೇವರ ಕಿವಿಗೂ ಒಂದು ಮಾತು ಹಾಕಿದಳು: ಇವತ್ತೊಂದು ದಿನ ನನ್ನ ಮಗಳನ್ನು ಕೂತಲ್ಲೇ ಕೂರಿಸಪ್ಪ.

ಮೇಲಿನ ಸಭಾಂಗಣದಲ್ಲಿ ಹೆಣ್ಣುಮಕ್ಕಳ ಶಿಬಿರ ನಡೆದಿತ್ತು. ಓದಿನಲ್ಲಿ ಮುಂದಿದ್ದ ಹನ್ನೆರಡು ಹುಡುಗಿಯರನ್ನು ಮೂರು ದಿನ ಇಲ್ಲೇ ಇರಿಸಿಕೊಂಡು, ಓದಿ ಕೆಲಸ ಹಿಡಿದ ಅಕ್ಕಂದಿರು ಮುಂದಿನ ದಾರಿ ಹೇಳಿಕೊಡುತ್ತಿದ್ದರು. ಕೊನೆಯವರೆಗೆ ಕೂತವರ ಕಾಲೇಜಿನ ಖರ್ಚೆಲ್ಲ ಸಂಘದ್ದು. ಮೂರು ಪಾಠ ತಪ್ಪಿಸಿದವರು ಮನೆಗೆ. ಆ ನಿಯಮ ಅಧ್ಯಕ್ಷೆಯೇ ಮಾಡಿದ್ದು. ಒಗೆಯುವವಳ ಮಗಳು ಆಗಲೇ ಎರಡು ತಪ್ಪಿಸಿದ್ದಳು.

ಅವಳನ್ನು ಕೆಡಿಸಿದ್ದು ಅವಳ ಕೈಯೇ. ಮೊದಲ ಬೆಳಿಗ್ಗೆ ಎದ್ದವಳೇ, ಮನೆಯ ಅಭ್ಯಾಸದಂತೆ, ಹನ್ನೆರಡು ಹಾಸಿಗೆಯ ಚಾದರಗಳನ್ನೂ ಕಿತ್ತು, ಕೊಳೆ ಒಳಗಾಗುವಂತೆ ಮಡಿಸಿ, ಗಂಟು ಕಟ್ಟಿ ಹೆಗಲಿಗೇರಿಸಿದ್ದಳು. ಒಂದರ ಮೇಲೆ ಹುಡುಗಿಯೊಬ್ಬಳು ಇನ್ನೂ ನಿದ್ದೆಯಲ್ಲಿದ್ದಳು. ಅವಳನ್ನು ಆಚೆಗೆ ಉರುಳಿಸಿ ಎಳೆದಿದ್ದಳಂತೆ. ಮೆಟ್ಟಿಲಲ್ಲಿ ಮ್ಯಾನೇಜರ್ ಎದುರಾದ. ಗಂಟು ಕಟ್ಟಿದ ಚಂದ ನೋಡಿಯೇ ಅವನಿಗೆ ತಾಯಿ ಯಾರೆಂದು ಹೊಳೆಯಿತು.

“ಲೇ, ಒಗೆಯೋಳ ಮಗಳಲ್ವೇನೇ ನೀನು? ಮೇಲೆ ಕೂತು ಏನು ಕಡಿದು ದಬ್ಬಾಕ್ತೀಯ, ಮುಂಡೇದೆ? ನಡಿ, ಇಸ್ತ್ರಿ ರಾಶಿ ಬಿದ್ದಿದೆ.”

ಅಂದಿನಿಂದ ಎರಡು ಸಲ ಪಾಠದ ನಡುವೆ ಎಬ್ಬಿಸಿಕೊಂಡು ಹೋದ. ರೇಷ್ಮೆಗೆ ಎಷ್ಟು ಬಿಸಿ ಬೇಕೆಂದು ಬಲ್ಲ ಕೈ ಅಲ್ಲಿ ಅದೊಂದೇ. ತಾಯಿ ಕಲೆ ತೆಗೆಯುವುದರಲ್ಲಿ ಗಟ್ಟಿಗಿತ್ತಿ. ಇಸ್ತ್ರಿ ಮುಟ್ಟಿದರೆ ಮಾತ್ರ ಬಟ್ಟೆಗೆ ಕಿಟಕಿ ಬೀಳುತ್ತಿತ್ತು.

ಇದು ಕೊನೆಯ ದಿನ, ಕೊನೆಯ ಪಾಠ. ಅದು ಮುಗಿದೊಡನೆ ಅಧ್ಯಕ್ಷೆಯ ಭಾಷಣ. ಮ್ಯಾನೇಜರ್ ಓಡಿ ಬಂದು ನಿಲುವಂಗಿಗೆ ಇಸ್ತ್ರಿ ಹಾಕಲು ಮಗಳನ್ನು ಕರೆ ಎಂದ. ಪಾಠದಲ್ಲಿದ್ದಾಳೆ, ನಾನೇ ಮಾಡ್ತೀನಿ ಎಂದಳು ಇವಳು. ಅವನು ಹೌಹಾರಿ, ತಾನೇ ಮೇಲೆ ಹೋಗಿ ಜುಟ್ಟು ಹಿಡಿದು ಎಳೆತರುವುದಾಗಿ ಹೇಳಿ ಮೆಟ್ಟಿಲಿಗೆ ಕಾಲಿಟ್ಟ.

ಅವಳು ನಿಲುವಂಗಿಯನ್ನು ಮೇಜಿನ ಮೇಲೆ ಹರಡಿ, ಕಾದ ಇಸ್ತ್ರಿಯನ್ನು ಎದೆಯ ಭಾಗದ ಮೇಲೆ ಗೇಣೆತ್ತರಕ್ಕೆ ಹಿಡಿದಳು.

“ಮೆಟ್ಟಿಲು ಹತ್ತಿ ಸ್ವಾಮಿ. ನೀವು ಹತ್ತಿ, ನಾನು ಇಡ್ತೀನಿ. ಯಾರು ಮೊದಲು ಮುಟ್ತಾರೆ ನೋಡೋಣ.”

ಅವನು ಕಾಲಿಳಿಸಿದ. ಮತ್ತೆ ಇಟ್ಟ. ಇಸ್ತ್ರಿ ನಾಲ್ಕು ಬೆರಳು ಕೆಳಗೆ ಬಂತು. ಮತ್ತೆ ಇಳಿಸಿದ. ಬಾಯಿಗೆ ಬಂದ ಬೈಗುಳವನ್ನೆಲ್ಲ ನಿಂತಲ್ಲೇ ಬೈದ; ಅವಳ ತಾಯಿ, ತಾಯಿಯ ತಾಯಿ ಯಾರನ್ನೂ ಬಿಡಲಿಲ್ಲ. ಅವಳು ಹೂಂಗುಟ್ಟುತ್ತ ಕೇಳಿಸಿಕೊಂಡಳು, ಇಸ್ತ್ರಿ ಅಲುಗಿಸಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷೆ. ಮೈಗೆ ಅತಿಥಿಗೃಹದ ಚಾದರ, ಕೈಯಲ್ಲಿ ಭಾಷಣದ ಹಾಳೆ. ಮ್ಯಾನೇಜರ್ ಗೋಡೆಯ ಕಡೆ ತಿರುಗಿ ನಿಂತ.

“ಐದೇ ನಿಮಿಷ, ತಾಯೀ,” ಎಂದರು ಮೆತ್ತಗೆ. “ಹೆಣ್ಣುಮಕ್ಕಳ ಓದಿನ ಬಗ್ಗೆ ನಾನು ಮಾತಾಡ್ಬೇಕು. ಹೀಗೇ ಹೋಗೋಕಾಗುತ್ತಾ? ನಿನ್ನ ಮಗಳನ್ನ ಒಂದ್ಸಲ ಕೆಳಗೆ ಕಳಿಸು.”

ಅವಳು ಇನ್ನೊಂದು ಕೈ ಚಾಚಿ, ಅಧ್ಯಕ್ಷೆಯ ಹೆಗಲಿಂದ ಜಾರುತ್ತಿದ್ದ ಚಾದರದ ಅಂಚನ್ನು ಜೋಪಾನವಾಗಿ ಸಿಕ್ಕಿಸಿದಳು.

“ಕಳಿಸಲ್ಲ.”