ಮುಲುಂಡಿನ ಒಂದನೇ ನಂಬರು

"ಇನ್ನೊಂದು ಸಲ ಹೊಡಿಯಮ್ಮ. ನಿಧಾನವಾಗಿ," ಎಂದರು ಸತ್ಯಮೂರ್ತಿ.

ರಜಿಯಾ ಹೊಡೆದಳು. ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು, ಬೆರಳು ಒತ್ತಿ, ತಲೆಯೆತ್ತಿ ಪರದೆ ನೋಡಿ, ಮತ್ತೆ ಮುಂದಿನದನ್ನು ಒತ್ತಿದಳು. ಕೀಲಿಮಣೆಯ ಕಡೆ ನೋಡದೆಯೇ ಟೈಪು ಮಾಡಬಲ್ಲ ಹುಡುಗಿ, ಹೊಸದಾಗಿ ಅಕ್ಷರ ತಿದ್ದುವ ಮಗುವಿನ ಹಾಗೆ ಹೆದರಿ ಹೆದರಿ ಒತ್ತುವುದನ್ನು ಕಂಡು ಅವರಿಗೆ ಕಸಿವಿಸಿಯಾಯಿತು. ಕೊನೆಯ ಕೀಲಿ ಒತ್ತಿದ್ದೇ ತಡ, ಮೂರು ವಾರದಿಂದ ಮುಖ ತೋರಿಸುತ್ತಿದ್ದ ಅದೇ ಸಾಲು ಪರದೆಯ ಮೇಲೆ ಬಂತು: ಕೇಳಿದ ಪ್ರೋಗ್ರಾಂ ಸಿಗಲಿಲ್ಲ.

"ನಾ ಸರಿನೇ ಹೊಡದೇನ್ರಿ ಸರ್," ಎಂದಳು ರಜಿಯಾ. ದನಿಯಲ್ಲಿ ವಾದವಿರಲಿಲ್ಲ, ದಣಿವಿತ್ತು.

"ಸರಿಯಾಗೇ ಹೊಡೆದೆ. ನಾನೂ ನೋಡ್ತಾ ಇದ್ದೆನಲ್ಲ."

ಹಾಗೆ ಹೇಳಿದ ಮೇಲೆ ಸತ್ಯಮೂರ್ತಿಗೆ ತಾವೇ ಸಿಕ್ಕಿಬಿದ್ದಂತಾಯಿತು. ಅವಳು ಸರಿಯಾಗಿ ಹೊಡೆಯುತ್ತಿಲ್ಲ ಎಂಬ ಒಂದು ಮಾತಿಗಾಗಿ ತಾನೇ ಮುಖ್ಯ ಕಚೇರಿ ಕಾಯುತ್ತಿದ್ದುದು.

ಅದು ಬೇರಿಂಗುಗಳನ್ನು ಮಾರುವ ಕಂಪನಿ. ಮುಖ್ಯ ಕಚೇರಿ ಫೋರ್ಟಿನಲ್ಲಿ, ದೊಡ್ಡ ಗೋಡೌನು ಊರಿನ ಇನ್ನೊಂದು ತುದಿಯ ಮುಲುಂಡಿನಲ್ಲಿ. ಮಾಲೀಕರು ಹುಬ್ಬಳ್ಳಿ ಕಡೆಯವರಾದ್ದರಿಂದ ಎರಡೂ ಕಡೆ ಅರ್ಧಕ್ಕರ್ಧ ಕನ್ನಡದವರೇ. ೧೯೮೬ರಲ್ಲಿ ಎರಡೂ ಕಡೆಗೆ ಒಂದೊಂದು ಕಂಪ್ಯೂಟರ್ ಬಂದಿತ್ತು. ಅವೆರಡನ್ನೂ ಜೋಡಿಸುವ ಟೆಲಿಫೋನ್ ಲೈನು ಬರುವ ಹೊತ್ತಿಗೆ ೧೯೯೧ ಆಯಿತು. ಲೈನು ಬಂದ ಮೇಲೆ ಯಾವ ಬೇರಿಂಗು ಫೋರ್ಟಿನ ಕಪಾಟಿನಲ್ಲಿ ಎಷ್ಟಿದೆ ಎಂದು ಮುಲುಂಡಿನಲ್ಲಿ ಕೂತೇ ತಿಳಿಯಬಹುದು, ಯಾರೂ ಲೋಕಲ್ ರೈಲು ಹತ್ತಿ ಓಡಬೇಕಾಗಿಲ್ಲ ಎಂದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಸತ್ಯಮೂರ್ತಿ ಎಲ್ಲರಿಗೂ ಭರವಸೆ ಕೊಟ್ಟಿದ್ದರು. ಲೈನು ಬಂದು ಮೂರು ವಾರವಾಗಿತ್ತು. ಒಂದೇ ಒಂದು ಬೇರಿಂಗಿನ ಸುದ್ದಿಯೂ ಮುಲುಂಡಿಗೆ ಬಂದಿರಲಿಲ್ಲ.

ಗ್ರಹಚಾರವೆಂದರೆ, ಫೋರ್ಟಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಮುಲುಂಡಿನ ಆಪರೇಟರ್ ರಜಿಯಾ ಫೋನು ಮಾಡಿದಾಗಲೆಲ್ಲ ಅಲ್ಲಿನ ಆಪರೇಟರ್ ಕಿಟ್ಟು ಅದೇ ಪ್ರಶ್ನೆಯನ್ನು ತನ್ನ ಯಂತ್ರದಲ್ಲಿ ಹೊಡೆಯುತ್ತಿದ್ದ, ಉತ್ತರ ಬರುತ್ತಿತ್ತು, "ಇಲ್ಲಿ ಬರ್ತಾ ಇದೆಯಲ್ಲ ಮೇಡಂ" ಎಂದು ಫೋನು ಇಡುತ್ತಿದ್ದ. ಆಡಳಿತ ನೋಡಿಕೊಳ್ಳುವ ವೆಂಕಟಸುಬ್ಬಯ್ಯನವರು ಇದನ್ನೆಲ್ಲ ಕೇಳಿ ತೀರ್ಪು ಕೊಟ್ಟಿದ್ದರು: "ಯಂತ್ರ ಅದೇ, ಪ್ರೋಗ್ರಾಂ ಅದೇ. ಬೇರೆ ಇರೋದು ಬೆರಳು ಮಾತ್ರ." ರಜಿಯಾಳ ಆರು ತಿಂಗಳ ಪರೀಕ್ಷಾವಧಿ ಇವತ್ತು, ಶನಿವಾರ, ಮುಗಿಯುತ್ತಿತ್ತು. ಅವಳನ್ನು ಮುಂದುವರಿಸುವುದಿಲ್ಲವೆಂಬ ಕಾಗದ ಟೈಪಾಗಿ ಅವರ ಮೇಜಿನ ಮೇಲಿತ್ತು. ಮಧ್ಯಾಹ್ನ ಒಂದು ಗಂಟೆಗೆ ಸತ್ಯಮೂರ್ತಿ ಫೋನಿನಲ್ಲಿ ಹೂಂ ಎಂದರೆ ಅದಕ್ಕೆ ಸಹಿ ಬೀಳುತ್ತಿತ್ತು; ಅಷ್ಟರೊಳಗೆ ಬೇರೆ ಕಾರಣ ತೋರಿಸದಿದ್ದರೂ ಬೀಳುತ್ತಿತ್ತು.

ಹೂಂ ಎನ್ನಲು ಮುಲುಂಡಿನ ಗೋಡೌನಿಗೇ ಬರಬೇಕೆಂದೇನೂ ಇರಲಿಲ್ಲ. ಬೆಳಿಗ್ಗೆ ಹೆಂಡತಿ ರಮಾಮಣಿ ಕಾಫಿ ಲೋಟ ಕೈಗೆ ಕೊಡುತ್ತ, "ನಿಮ್ಮ ಗೋಡೌನು ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಒಂದು ಸಲ ಕಣ್ಣಾರೆ ನೋಡದೆ ಆ ಹುಡುಗಿ ಅನ್ನ ಕಿತ್ಕೋಬೇಡಿ," ಎಂದಿದ್ದರು. ಮಾತು ಚುಚ್ಚಿತು. ಅವರ ಮನೆ ಮುಲುಂಡಿನಲ್ಲೇ ಇತ್ತು. ಮೂರು ವಾರವೂ ದಿನಾ ಲೋಕಲ್ ಹಿಡಿದು ಫೋರ್ಟಿಗೆ ಹೋಗಿ, ಅಲ್ಲಿ ಕೂತು, ಮುಲುಂಡಿನ ತೊಂದರೆಯನ್ನು ಹುಡುಕಿದ್ದರು.

ಗೋಡೌನಿನ ಆ ಮೂಲೆಗೆ ಮಾತ್ರ ಗಾಜಿನ ಗೋಡೆ, ಏಸಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಗಾಜಿನಾಚೆ ಗ್ರೀಸಿನ ವಾಸನೆ, ಪೆಟ್ಟಿಗೆ ಎಳೆಯುವ ಸದ್ದು. ಒಳಗೆ ಯಂತ್ರದ ಗುಂಯ್ ಎನ್ನುವ ಸದ್ದೊಂದೇ. ಸತ್ಯಮೂರ್ತಿ ಗಡಿಯಾರ ನೋಡಿದರು. ಹನ್ನೊಂದೂವರೆ.

"ರಜಿಯಾ, ನಿಂಗೆ ಏನನ್ನಿಸುತ್ತೆ?" ಎಂದು ಕೇಳಿದರು. ಕೇಳಿದ ಮೇಲೆ, ಈ ಪ್ರಶ್ನೆಯನ್ನು ಇವಳಿಗೆ ಇದುವರೆಗೆ ಯಾರೂ ಕೇಳಿಲ್ಲವೆಂದು ಹೊಳೆಯಿತು.

ರಜಿಯಾ ಮೊದಲು ಯಂತ್ರದ ಕಡೆಗೊಮ್ಮೆ, ಲೈನಿನ ಕಡೆಗೊಮ್ಮೆ ನೋಡಿದಳು. ಅವಳ ಅಪ್ಪ ಫಕ್ರುದ್ದೀನ ಬಾಗಲಕೋಟೆಯಿಂದ ಬಂದು ಭಾಂಡುಪಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಕೆಟ್ಟ ಯಂತ್ರವನ್ನು ಬಿಚ್ಚುವ ಮೊದಲು ಸುಮ್ಮನೆ ತಿರುಗಿಸಿ ನೋಡುವವನು. ಮಗಳಿಗೂ ಆ ಗುಣ ಬಂದಿತ್ತು.

"ನಂಗ ಒಳಗಿಂದು ತಿಳಿಯೂದಿಲ್ರಿ ಸರ್. ಖರೇ ಒಂದ್ ನೋಡೇನಿ," ಎಂದು ಟೆಲಿಫೋನ್ ಲೈನಿಗೆ ಸಿಕ್ಕಿಸಿದ್ದ ಪೆಟ್ಟಿಗೆಯ ಕಡೆ ಬೆರಳು ಮಾಡಿದಳು. "ಈ ಕೆಂಪು ದೀಪ ಐತಲ್ರಿ, ನಮ್ಮ ಮಾತು ಫೋರ್ಟಿಗೆ ಹೋದಾಗ ಮಿಣಕತೈತಿ. ನೀವ ಹೇಳಿದ್ರಿ, ಎರಡ್ ಸಲ ಕೇಳಬೇಕು ಅಂತ. ಮೊದಲ ಎಲ್ಲಿ ಐತಿ ಅಂತ ಕೇಳೂದು, ಆಮ್ಯಾಲ ಅಲ್ಲಿ ಹೋಗಿ ಕೇಳೂದು. ಹೌದಿಲ್ರಿ?"

"ಹೌದು." ಲೈನು ಬಂದ ದಿನ ಅವರೇ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಫೋರ್ಟಿನ ಯಂತ್ರದಲ್ಲಿ ಎಲ್ಲ ಪ್ರೋಗ್ರಾಂಗಳ ಹೆಸರಿನ ಪಟ್ಟಿಯೊಂದಿದೆ. ಮುಲುಂಡು ಮೊದಲು ನೇರವಾಗಿ ಲೈನಿನಲ್ಲಿ ಆ ಪಟ್ಟಿಯನ್ನು ವಿಚಾರಿಸಿ ವಿಳಾಸ, ಅಂದರೆ ಯಂತ್ರದ ನಂಬರು, ಪಡೆಯಬೇಕು. ಆಮೇಲೆ ಆ ವಿಳಾಸಕ್ಕೆ ಹೋಗಿ ದಾಸ್ತಾನು ಕೇಳಬೇಕು.

"ಹಂಗಾರ ದೀಪ ಎರಡ್ ಸಲ ಮಿಣಕಬೇಕಲ್ರಿ. ಒಂದ ಸಲ ಮಿಣಕತೈತಿ. ಎರಡನೇ ಸಲ ಮಿಣಕೂದ ಇಲ್ಲ. ಲಗೂನ ಸಿಗಲಿಲ್ಲ ಅಂತ ಬಂದಬಿಡತೈತಿ. ನೂರಾ ನಲವತ್ತ ಸಲ ನೋಡೇನಿ, ಬರದಿಟ್ಟೇನಿ."

ನೋಟುಬುಕ್ಕು ಮುಂದೆ ಸರಿಸಿದಳು. ತಾರೀಖು, ಗಂಟೆ, ನಿಮಿಷ, ಪಕ್ಕದಲ್ಲಿ ಪ್ರತಿ ಸಾಲಿಗೂ ಒಂದೇ ಒಂದು ಕೆಂಪು ಚುಕ್ಕೆ. ಸತ್ಯಮೂರ್ತಿ ಪುಟ ತಿರುವಿದರು. ಚುಕ್ಕೆಗಳು ಮುಗಿಯಲೇ ಇಲ್ಲ.

"ಅಂದ್ರೆ ಎರಡನೇ ಸಲ ಮಾತು ಫೋರ್ಟಿಗೆ ಹೋಗ್ತಾನೇ ಇಲ್ಲ."

"ಹೌದ್ರಿ. ಇಲ್ಲೇ ಯಾರದೋ ಬಾಗಲಾ ಬಡದು ಬರಾಕತ್ತೈತಿ ಅನಸ್ತೈತಿ."

ಸತ್ಯಮೂರ್ತಿ ತಲೆಯೆತ್ತಿದರು. ಎದುರಿಗೇ ಇತ್ತು ಯಂತ್ರ. ಅದರ ಬೂದು ಬಣ್ಣದ ಹೊಟ್ಟೆಯ ಮೇಲೆ ಆಯುಧಪೂಜೆಯ ಕುಂಕುಮದ ಕೆಳಗೆ ದಪ್ಪ ಕೆಂಪು ಬಣ್ಣದಲ್ಲಿ ಬರೆದಿತ್ತು: ನಂ. ೧.

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಐದು ವರ್ಷದ ಹಿಂದಿನ ಆ ದಿನ ಇದ್ದಕ್ಕಿದ್ದಂತೆ ನೆನಪಿಗೆ ಬಂತು. ಯಂತ್ರಗಳಿಗೆ ನಂಬರು ಕೊಡಬೇಕಾಗಿತ್ತು. ಮುಖ್ಯ ಕಚೇರಿ ಅಂದ ಮೇಲೆ ಒಂದನೇ ನಂಬರು ನಮ್ಮದೇ ಎಂದು ವೆಂಕಟಸುಬ್ಬಯ್ಯನವರು ಪಟ್ಟು ಹಿಡಿದಿದ್ದರು. ಕಂಪನಿ ಹುಟ್ಟಿದ್ದೇ ಈ ಗೋಡೌನಿನಲ್ಲಿ, ನಾವು ಎರಡನೆಯವರಾದರೆ ಪೂಜೆಗೆ ತೆಂಗಿನಕಾಯಿ ಒಡೆಯುವುದಿಲ್ಲ ಎಂದು ಇಲ್ಲಿನ ಮ್ಯಾನೇಜರ್ ಮುರಿಗೆಪ್ಪನವರು ಕೂತುಬಿಟ್ಟಿದ್ದರು. ಇಬ್ಬರ ನಡುವೆ ಸಿಕ್ಕಿದ ಸತ್ಯಮೂರ್ತಿ, ಯಾರ ಮನಸ್ಸನ್ನೂ ನೋಯಿಸಲಾರದ ತಮ್ಮ ಸ್ವಭಾವಕ್ಕೆ ತಕ್ಕಂತೆ, ಇಬ್ಬರಿಗೂ ಒಂದನೇ ನಂಬರನ್ನೇ ಕೊಟ್ಟು ಕೈ ತೊಳೆದುಕೊಂಡಿದ್ದರು. ಲೈನಿನ ಸುದ್ದಿಯೇ ಇರಲಿಲ್ಲ. ಒಂದನ್ನೊಂದು ಮಾತಾಡಿಸದ ಯಂತ್ರಗಳಿಗೆ ಯಾವ ನಂಬರಾದರೇನು ಎಂದುಕೊಂಡಿದ್ದರು. ಆಮೇಲೆ ಅದನ್ನು ಮರೆತೇಬಿಟ್ಟರು.

ಈಗ ಮುಲುಂಡು ಕೇಳುತ್ತಿತ್ತು, ದಾಸ್ತಾನಿನ ಪ್ರೋಗ್ರಾಂ ಎಲ್ಲಿ? ಫೋರ್ಟು ಹೇಳುತ್ತಿತ್ತು, ಒಂದನೇ ನಂಬರಿನ ಯಂತ್ರದಲ್ಲಿ. ಒಂದನೇ ನಂಬರು ನಾನೇ ಅಲ್ಲವೇ ಎಂದು ಮುಲುಂಡು ತನ್ನ ಮನೆಯಲ್ಲೇ ಹುಡುಕುತ್ತಿತ್ತು. ಸಿಗುವುದಾದರೂ ಹೇಗೆ? ಕಿಟ್ಟು ಫೋರ್ಟಿನಲ್ಲೇ ಕೂತು ಹೊಡೆಯುತ್ತಿದ್ದುದರಿಂದ ಅವನಿಗೆ ಪ್ರತಿ ಸಲವೂ ಸಿಗುತ್ತಿತ್ತು.

ಸತ್ಯಮೂರ್ತಿಗೆ ಮೊದಲು ನಗು ಬಂತು, ಹಿಂದೆಯೇ ನಾಚಿಕೆ. ಅದರ ಹಿಂದೆ, ಹೇಳಲು ಸಂಕೋಚವೆನಿಸುವ ಒಂದು ಯೋಚನೆಯೂ ಬಂತು. ನಂಬರನ್ನು ಸದ್ದಿಲ್ಲದೆ ಬದಲಾಯಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಬಂದು ಕೂತೆ, ಸರಿಹೋಯಿತು ಎಂದರೆ ಮುಗಿಯಿತು. ಆದರೆ ಹಾಗೆಂದರೆ ವೆಂಕಟಸುಬ್ಬಯ್ಯನವರು, ನಾನು ಹೇಳಲಿಲ್ಲವೇ, ಬೆರಳಿನದೇ ದೋಷ ಎನ್ನುತ್ತಾರೆ. ನೂರ ನಲವತ್ತು ಕೆಂಪು ಚುಕ್ಕೆಗಳು ತೆರೆದೇ ಇದ್ದವು. ಆ ಯೋಚನೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ರಜಿಯಾ, ನಿಂದೇನೂ ತಪ್ಪಿಲ್ಲಮ್ಮ. ತಪ್ಪು ನಂದು," ಎಂದರು. ಅವಳು ಅವರ ಮುಖ ನೋಡಿದಳು. ನಂಬಲೋ ಬೇಡವೋ ಎಂಬಂತೆ ನೋಟುಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮುರಿಗೆಪ್ಪನವರನ್ನು ಕರೆಸಿದಾಗ ಹನ್ನೆರಡು ಗಂಟೆ. ಇಡೀ ಕತೆ ಕೇಳಿದ ಮೇಲೆ ಅವರು ಹಿಡಿದುಕೊಂಡದ್ದು ಒಂದೇ ಮಾತನ್ನು.

"ಅಂದ್ರ ನಮ್ಮ ಮಷಿನ್ನು ಎರಡನೇದ್ದು ಆಗೂದು?"

"ಆಗಲೇಬೇಕು ಮುರಿಗೆಪ್ಪನೋರೆ."

"ಫೋರ್ಟಿಂದ ಎರಡ ಮಾಡ್ರಲ್ಲ."

"ಮಾಡಬಹುದು. ಅಲ್ಲಿನ ಪಟ್ಟಿಯಲ್ಲಿರೋ ವಿಳಾಸ ಎಲ್ಲ ಬದಲಾಯಿಸಬೇಕು, ಎರಡು ದಿನ ಹಿಡಿಯುತ್ತೆ. ಇಲ್ಲಿ ಮಾಡಿದ್ರೆ ಅರ್ಧ ಗಂಟೆ ಕೆಲಸ. ಈ ಹುಡುಗಿನ ತೆಗೆಯೋ ಕಾಗದಕ್ಕೆ ಒಂದು ಗಂಟೆಗೆ ಸಹಿ ಬೀಳುತ್ತೆ."

ಮುರಿಗೆಪ್ಪನವರು ರಜಿಯಾಳ ಕಡೆ ನೋಡಿದರು. ಆರು ತಿಂಗಳಿಂದ ಅವರ ಗೋಡೌನಿನ ಒಂದು ಬೇರಿಂಗೂ ಪಟ್ಟಿಯಿಂದ ತಪ್ಪಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. "ಒಳಗ ಎರಡ ಮಾಡ್ರಿ. ಹೊರಗಿನ ಬಣ್ಣ ನಾನ ಹಚ್ಚಿದ್ದು, ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದರು.

ಹೊರಗಿನ ಬಣ್ಣ ಯಂತ್ರಕ್ಕೆ ಓದಲು ಬರುವುದಿಲ್ಲವಲ್ಲ. ಸತ್ಯಮೂರ್ತಿ ಸಂತೋಷದಿಂದಲೇ ಒಪ್ಪಿದರು. ಹೊಸ ನಂಬರನ್ನು ಫೋರ್ಟಿನ ಯಂತ್ರಕ್ಕೂ ತಿಳಿಸುವಂತೆ ಕಿಟ್ಟುವಿಗೆ ಫೋನು ಮಾಡಿದರು. ಇಲ್ಲಿನ ಯಂತ್ರವನ್ನು ನಿಲ್ಲಿಸಿ, ಒಂದರ ಜಾಗದಲ್ಲಿ ಎರಡು ಬರೆದು, ಮತ್ತೆ ಚಾಲೂ ಮಾಡಿದರು. ಅದು ಏಳುವುದಕ್ಕೆ ಹದಿನೈದು ನಿಮಿಷ ತೆಗೆದುಕೊಂಡಿತು. ಮುರಿಗೆಪ್ಪನವರು ನಿಂತೇ ಇದ್ದರು. ಗೋಡೆಯ ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸಿತು.

"ಹೊಡಿಯಮ್ಮ," ಎಂದರು ಸತ್ಯಮೂರ್ತಿ.

ರಜಿಯಾ ಹೊಡೆದಳು. ಮೂವರೂ ಪರದೆ ಬಿಟ್ಟು ಪೆಟ್ಟಿಗೆಯ ಕಡೆ ನೋಡುತ್ತಿದ್ದರು. ಕೆಂಪು ದೀಪ ಒಂದು ಸಲ ಮಿನುಗಿತು. ನಿಂತಿತು. ಮತ್ತೆ ಮಿನುಗಿತು. ಪರದೆಯ ಮೇಲೆ ಬೇರಿಂಗಿನ ನಂಬರು, ಅದರ ಮುಂದೆ ಫೋರ್ಟಿನ ಕಪಾಟು, ಸಂಖ್ಯೆ ನೂರ ಹನ್ನೆರಡು.

"ಬಂತ್ ನೋಡ್ರಿ," ಎಂದರು ಮುರಿಗೆಪ್ಪನವರು, ತಾವೇ ಹೆತ್ತವರಂತೆ. ರಜಿಯಾ ಇನ್ನೊಂದು ಬೇರಿಂಗು ಕೇಳಿದಳು, ಬಂತು. ಮತ್ತೊಂದು ಕೇಳಿದಳು, ಬಂತು. ಈಗ ಅವಳು ಕೀಲಿಮಣೆಯ ಕಡೆ ನೋಡುತ್ತಿರಲಿಲ್ಲ.

ಸತ್ಯಮೂರ್ತಿ ಅಲ್ಲಿಂದಲೇ ಫೋರ್ಟಿಗೆ ಫೋನು ಹಚ್ಚಿದರು.

"ಏನ್ರೀ, ಒಂದು ಗಂಟೆ ಆಗ್ತಾ ಬಂತು. ಕಾಗದಕ್ಕೆ ಸಹಿ ಹಾಕಲೇ?" ಎಂದರು ವೆಂಕಟಸುಬ್ಬಯ್ಯನವರು.

"ಬೇಡಿ ಸಾರ್. ಹುಡುಗಿ ತಪ್ಪಲ್ಲ. ಎರಡು ಯಂತ್ರಕ್ಕೂ ಒಂದೇ ನಂಬರು ಕೊಟ್ಟಿದ್ದೆ, ಅದರಿಂದ ಆಗಿದ್ದು. ಕಂಡುಹಿಡಿದವಳೂ ಅವಳೇ."

ಆ ಕಡೆ ಕಾಗದ ಸರಿಸಿದ ಸದ್ದಾಯಿತು. ಒಂದನೇ ನಂಬರಿಗಾಗಿ ಹಟ ಹಿಡಿದದ್ದು ಅವರಿಗೂ ನೆನಪಾಗಿರಬೇಕು. ಸತ್ಯಮೂರ್ತಿ ಅದನ್ನು ಎತ್ತಲಿಲ್ಲ.

"ತಪ್ಪು ನಿಮ್ಮದು ಅಂತ ಬರೆದು ಕೊಡ್ತೀರಾ? ನಿಮಗೆ ಮೆಮೊ ಕೊಡಬೇಕಾಗುತ್ತೆ."

"ಬರೆದು ಕೊಡ್ತೀನಿ ಸಾರ್. ಮೆಮೊ ಕೊಡಿ. ಅವಳ ಕನ್ಫರ್ಮೇಶನ್ನು ಇವತ್ತೇ ಆಗಲಿ."

"ಆಯ್ತು, ಮಾಡಿಸ್ತೀನಿ ಬಿಡಿ."

ಫೋನಿಟ್ಟ ಮೇಲೆ ಸತ್ಯಮೂರ್ತಿಗೆ ಆಶ್ಚರ್ಯವಾಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಮೆಮೊ ಬರುವುದರಲ್ಲಿತ್ತು. ಎದೆ ಮಾತ್ರ ಹಗುರವಾಗಿತ್ತು. ಮುರಿಗೆಪ್ಪನವರು ಚಹಾ ಹೇಳಲು ಹೊರಗೆ ಹೋದರು. ಸತ್ಯಮೂರ್ತಿ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದರು.

"ಹಂಗಾರ ನಾ ನಾಳಿ ಬರೂದೇನ್ರಿ ಸರ್?" ಎಂದು ಕೇಳಿದಳು ರಜಿಯಾ.

"ನಾಳೆ ಭಾನುವಾರನಮ್ಮ. ಸೋಮವಾರ ಬಾ."

"ಹೂಂ ರಿ," ಎಂದಳು. ಆಮೇಲೆ ಬಗ್ಗಿ, ಮೇಜಿನ ಕೆಳಗಿಟ್ಟಿದ್ದ ಚೀಲವನ್ನು ಮೇಲಕ್ಕೆತ್ತಿಕೊಂಡು, ಮೇಜಿನ ಡ್ರಾಯರ್ ಎಳೆದಳು. ಡ್ರಾಯರ್ ಬರಿದಾಗಿತ್ತು. ಬೆಳಿಗ್ಗೆಯೇ ಎಲ್ಲವನ್ನೂ ಚೀಲಕ್ಕೆ ತುಂಬಿ, ಒಳಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನೂ ತೆಗೆದು ಒರೆಸಿಟ್ಟಿದ್ದಳು. ಚೀಲದಿಂದ ಸ್ಟೀಲಿನ ಲೋಟ ತೆಗೆದು ಅದರಲ್ಲಿಟ್ಟಳು. ಆಮೇಲೆ ಬಾಚಣಿಗೆ, ಸಣ್ಣದೊಂದು ಉರ್ದು ಕ್ಯಾಲೆಂಡರು, ಮಡಿಸಿದ ಕೈವಸ್ತ್ರ, ಅರ್ಧ ಮುಗಿದ ಉಪ್ಪಿನಕಾಯಿ ಬಾಟಲಿ.

ಸತ್ಯಮೂರ್ತಿ ಬರೆಯುವುದನ್ನು ನಿಲ್ಲಿಸಿದ್ದರು. ಅವಳು ತಲೆಯೆತ್ತುವ ಮೊದಲೇ ಕಣ್ಣನ್ನು ಹಾಳೆಗೆ ಇಳಿಸಿದರು. ಬಾಟಲಿ ತಾಗಿ ಡ್ರಾಯರ್ ಮುಚ್ಚಿಕೊಳ್ಳಲಿಲ್ಲ. ರಜಿಯಾ ಬಾಟಲಿಯನ್ನು ಅಡ್ಡ ಮಲಗಿಸಿ ಮತ್ತೊಮ್ಮೆ ನೂಕಿದಳು.