ಅತ್ತಿಗೆ ಓದಿದ ಅಂಕಿ

ಬೇಕರಿ ನಡೆಸುವ ಅತ್ತಿಗೆಗೆ ತಾಯಿ ಎದೆನೋವಿನಿಂದ ತೀರಿಕೊಂಡಾಗಿನಿಂದ ಒಂದು ಚಾಳಿ ಅಂಟಿಕೊಂಡಿತ್ತು. ಕೂತಲ್ಲಿ, ನಿಂತಲ್ಲಿ ಕತ್ತಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ಹೃದಯ ಗಟ್ಟಿಯಾಗಿದೆ, ಸುಮ್ಮನೆ ಓಡಿ" ಎಂದಿದ್ದರು. ಹಾಗಾಗಿ ಗಂಡನ ತಂಗಿ ಅವಳನ್ನು ತನ್ನ ಜೊತೆ ಜಿಮ್ಮಿಗೆ ಎಳೆದುಕೊಂಡು ಹೋಗತೊಡಗಿದಳು. ನಾದಿನಿ ಅಗ್ನಿಶಾಮಕ ದಳ ಸೇರಲು ತಯಾರಿ ನಡೆಸಿದ್ದಳು. ಇನ್ನು ಆಗುವುದಿಲ್ಲ ಎನ್ನುವವರೆಗೆ ಟ್ರೆಡ್‌ಮಿಲ್ ಮೇಲೆ ಓಡಿಸುವ ಪರೀಕ್ಷೆಯೊಂದೇ ಬಾಕಿ.

ಅಂದು ಇಬ್ಬರೂ ಎದೆಬಡಿತ ಎಣಿಸಿ ಪರದೆಗೆ ಕಳಿಸುವ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡು ಅಕ್ಕಪಕ್ಕದ ಟ್ರೆಡ್‌ಮಿಲ್ ಹತ್ತಿದರು. ಅತ್ತಿಗೆಗೆ ಏದುಸಿರು ಬಂದರೂ ಎದುರಿನ ಪರದೆ ನೂರ ಮೂವತ್ತನ್ನು ದಾಟಲಿಲ್ಲ. ಅಷ್ಟೇನಾ ಎನ್ನಿಸಿ ವೇಗ ಏರಿಸಿದಳು. ಮತ್ತೂ ಏರಿಸಿದಳು. ಅವಳು ಜನ್ಮದಲ್ಲಿ ಹಾಗೆ ಓಡಿರಲಿಲ್ಲ.

ಪಕ್ಕದಲ್ಲಿ ನಾದಿನಿ ಮೈ ಬಿಸಿ ಮಾಡಿಕೊಳ್ಳಲು ನಿಧಾನವಾಗಿ ಓಡುತ್ತಿದ್ದವಳು ಮೆಷಿನ್ ನಿಲ್ಲಿಸಿ ಇಳಿದಳು. ಮುಖ ಬಿಳುಚಿತ್ತು.

"ಅತ್ತಿಗೆ, ನಂದು ನೂರ ಎಂಬತ್ತು ತೋರಿಸ್ತಿದೆ. ಇನ್ನೂ ಸರಿಯಾಗಿ ಓಡೇ ಇಲ್ಲ."

ಅವಳು ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅತ್ತಿಗೆಯ ಪರದೆಯ ಅಂಕಿ ಇಳಿಯುತ್ತ ತೊಂಬತ್ತೈದಕ್ಕೆ ಬಂತು. ಅತ್ತಿಗೆ ಮಾತ್ರ ಬಿದ್ದಂಬೀಳ ಓಡುತ್ತಲೇ ಇದ್ದಳು. ಅವಳು ಅಂಕಿಯನ್ನೊಮ್ಮೆ, ಬೆಂಚಿನ ಮೇಲೆ ಕೂತವಳನ್ನೊಮ್ಮೆ ನೋಡಿದಳು. ಮೆಷಿನ್ ನಿಲ್ಲಿಸಿ, ಹಿಡಿಕೆ ಹಿಡಿದು ಉಸಿರು ಎಳೆದುಕೊಂಡಳು.

"ನಿನಗೇನೂ ಆಗಿಲ್ಲ. ಪಟ್ಟಿ ಅದಲುಬದಲಾಗಿದೆ. ನಿನ್ನ ಪರದೇಲಿ ಕಾಣ್ತಿರೋದು ನನ್ನ ಎದೆಬಡಿತ."

ಇಬ್ಬರೂ ನಕ್ಕರು. ಆದರೆ ನಾದಿನಿಯೊಳಗೆ ಹೊಕ್ಕ ಹೆದರಿಕೆ ಹೊರಗೆ ಹೋಗಲಿಲ್ಲ. ಮರುದಿನದಿಂದ ತನ್ನದೇ ಪಟ್ಟಿ, ಸರಿಯಾದ ಅಂಕಿ; ಆದರೂ ನೂರ ಎಪ್ಪತ್ತು ಕಂಡರೆ ಸಾಕು, ಇಳಿದುಬಿಡುತ್ತಿದ್ದಳು. ಮೊದಲು ಅದೇ ಅಂಕಿಯಲ್ಲಿ ಹರಟೆ ಹೊಡೆಯುತ್ತಿದ್ದವಳು. ಪರೀಕ್ಷೆ ಹತ್ತಿರವಾದಂತೆ ಮನೆಯಲ್ಲಿ ಬಾಗಿಲುಗಳು ಜೋರಾಗಿ ಮುಚ್ಚಿಕೊಳ್ಳತೊಡಗಿದವು. ಒಂದು ದಿನ ಜಿಮ್ಮಿನಲ್ಲಿ ನಾದಿನಿ ಪರದೆಗೆ ಟವೆಲ್ ಹೊದಿಸಿ ಹೇಳಿದಳು:

"ನಾನು ನೋಡಲ್ಲ. ನೀವು ಬಗ್ಗಿ ನೋಡಿ ಹೇಳ್ತಾ ಇರಿ. ನೂರ ತೊಂಬತ್ತಾದ್ರೆ ನಿಲ್ಲಿಸ್ತೀನಿ."

ಅತ್ತಿಗೆ ಟವೆಲಿನ ಅಂಚು ಎತ್ತಿ ನೋಡುತ್ತ ನಿಂತಳು. ನೂರ ಎಪ್ಪತ್ತೆಂಟು ಕಂಡಿತು.

"ಎಷ್ಟು?"

"ನೂರ ಅರವತ್ತು."

ಹೀಗೆ ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಬಾಯಿಗೆ ಬಂದುಬಿಟ್ಟಿತ್ತು. ನಾದಿನಿಯ ಭುಜ ಸಡಿಲವಾಯಿತು, ಹೆಜ್ಜೆ ಬಿರುಸಾಯಿತು. ನೂರ ಎಂಬತ್ತೈದು. "ಅರವತ್ತೈದು," ಎಂದಳು ಅತ್ತಿಗೆ. ನೂರ ತೊಂಬತ್ತೊಂದು. ಈಗ ನಿಜ ಹೇಳಿದರೆ ಹುಡುಗಿ ಗಾಬರಿಯಲ್ಲಿ ಮುಗ್ಗರಿಸುತ್ತಾಳೆ, ಹೇಳದಿದ್ದರೆ? ತಾಯಿಯ ಮುಖ ಕಣ್ಣೆದುರು ಬಂತು.

"ಎಪ್ಪತ್ತೆರಡು. ಸಾಕು, ಇನ್ನು ಇಳಿ."

"ಇನ್ನೂ ಓಡ್ತೀನಿ," ಎಂದ ನಾದಿನಿ ಹಿಂದೆಂದೂ ಓಡದಷ್ಟು ಹೊತ್ತು ಓಡಿದಳು. ಅತ್ತಿಗೆ ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಇಳಿದ ಮೇಲೆ ಮುಚ್ಚಿಡಲಾಗಲಿಲ್ಲ. ನಿಜವನ್ನು ಹೇಳಿಬಿಟ್ಟಳು. ನಾದಿನಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅಂದಳು:

"ಏನಾದ್ರೂ ಆಗಿದ್ರೆ? ಇನ್ಮೇಲೆ ನನ್ನ ಜೊತೆ ಬರೋದು ಬೇಡ."

ಪರೀಕ್ಷೆಗೆ ಅಣ್ಣನನ್ನು ಕರೆದುಕೊಂಡು ಹೋದಳು. ಅತ್ತಿಗೆ ಬೇಕರಿಯಲ್ಲಿ ನಿಂತಲ್ಲಿ ನಿಲ್ಲಲಾರದೆ ಒಲೆಗೂ ಬಾಗಿಲಿಗೂ ಓಡಾಡಿದಳು. ಒಂದು ಟ್ರೇ ಬನ್ನು ಕರಕಲಾಯಿತು. ಗಿರಾಕಿ ಕೇಳಿದ್ದೊಂದು, ಇವಳು ಕಟ್ಟಿಕೊಟ್ಟದ್ದೊಂದು. ಮಧ್ಯಾಹ್ನ ಗಂಡನ ಫೋನಿನಿಂದ ನಾದಿನಿಯೇ ಮಾತನಾಡಿದಳು.

"ಪಾಸಾದೆ, ಅತ್ತಿಗೆ."

"ಪರದೆ ಇತ್ತಾ?"

"ಕಣ್ಣೆದುರೇ ಇತ್ತು. ನೂರ ತೊಂಬತ್ತು ದಾಟಿದಾಗ ಇಳಿದುಬಿಡೋಣ ಅನ್ನಿಸ್ತು. ಅವತ್ತೂ ದಾಟಿತ್ತಲ್ಲ, ಗೊತ್ತೇ ಆಗಿರಲಿಲ್ಲ ಅಂದುಕೊಂಡು ಓಡಿದೆ."

"ಸಿಟ್ಟು ಹೋಯ್ತಾ?"

"ಇಲ್ಲ. ಮನೆಗೆ ಬಂದು ಜಗಳ ಆಡ್ತೀನಿ."

"ಬಾ," ಎಂದಳು ಅತ್ತಿಗೆ. ಫೋನಿಟ್ಟ ಮೇಲೂ ಅವಳಿಗೆ ಕೂರಲಾಗಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿ, ಬಾಗಿಲಿಗೆ ಬಂದು ರಸ್ತೆಯ ತಿರುವನ್ನು ನೋಡುತ್ತ ನಿಂತಳು.